ಜನರನ್ನೇ ಬೈಯುವ ಸ್ಟ್ಯಾಂಡಪ್ ಕಾಮಿಡಿ ಅಷ್ಟೊಂದು ಇಷ್ಟವಾಗುವುದೇಕೆ? ಅಮೆರಿಕದ ಕಾಮಿಡಿಯನ್ ಡಾನ್ ರಿಕಲ್ಸ್ ಥರದವರಿಂದ ಇವತ್ತಿಗೆ ಉಳಿದಿರುವುದೇನು?

ಇಂಥ ಶೋಗಳಲ್ಲಿ ಮುಂದಿನ ಸಾಲಲ್ಲಿ ಕೂತು ಬೈಸಿಕೊಂಡವರ ಮುಖ ಗಮನಿಸಿ ನೋಡಿ. ಅಕ್ಕಪಕ್ಕದವರಿಗಿಂತ ಜೋರಾಗಿ ನಗುತ್ತಿರುವುದು ಅವರೇ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಅಷ್ಟು ಜನರ ನಡುವೆ ಒಬ್ಬ ನನ್ನನ್ನೇ ಆರಿಸಿ, ನನ್ನ ಬೋಳುತಲೆ, ಅಂಗಿ, ಪಕ್ಕದಲ್ಲಿ ಮುಖ ಗಂಟಿಕ್ಕಿ ಕೂತ ಹೆಂಡತಿ ಎಲ್ಲವನ್ನೂ ಒಂದೇ ನೋಟಕ್ಕೆ ಹಿಡಿದುಬಿಟ್ಟನಲ್ಲ ಅಂತ ಒಳಗೊಳಗೇ ಖುಷಿ. ಬೈಗುಳದ ಜೊತೆ ಒಂದು ಬಗೆಯ ಮರ್ಯಾದೆಯೂ ಸಿಕ್ಕಿರುತ್ತದೆ.

ಇನ್ನರ್ಧ ಇರುವುದು ಅಪಾಯದಲ್ಲಿ. ರಿಕಲ್ಸ್ ಕಥೆಯನ್ನೇ ತೆಗೆದುಕೊಳ್ಳಿ. 1926ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಆತ ನಟನಾಗಲು ಹೊರಟವನು, ಅಭಿನಯ ಕಲಿತವನು. ನೈಟ್‌ಕ್ಲಬ್ಬುಗಳಲ್ಲಿ ಆತನ ಸಿದ್ಧ ಜೋಕುಗಳಿಗಿಂತ, ನಡುವೆ ಬಾಯಿ ಹಾಕುವ ಕುಡುಕರಿಗೆ ಕೊಟ್ಟ ತಿರುಗೇಟಿಗೆ ಜನ ಹೆಚ್ಚು ನಕ್ಕರು. ಆತ ಅದನ್ನೇ ಹಿಡಿದುಕೊಂಡ. (ಈ ದಾರಿಯಲ್ಲಿ ಆತನೇ ಮೊದಲಿಗನಲ್ಲ. ಜ್ಯಾಕ್ ಇ. ಲಿಯೊನಾರ್ಡ್ ಆಗಲೇ ಇದೇ ದಂಧೆಯಲ್ಲಿದ್ದ.) 1957ರಲ್ಲಿ ಮಯಾಮಿ ಬೀಚಿನ ಕ್ಲಬ್ಬೊಂದಕ್ಕೆ ಹೆಸರಾಂತ ಗಾಯಕ ಫ್ರಾಂಕ್ ಸಿನಾತ್ರಾ ಬಂದ. ಆತನ ಮುಂಗೋಪ, ಆತ ಜನರ ಮೇಲೆ ಕೈ ಮಾಡುವುದು ಎಲ್ಲರಿಗೂ ಗೊತ್ತು, ಎದುರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ವೇದಿಕೆಯಿಂದ ರಿಕಲ್ಸ್ ಕೂಗಿದ: ನಿನ್ನ ಮನೆ ಅಂದ್ಕೋ ಫ್ರಾಂಕ್, ಯಾರಿಗಾದ್ರೂ ಒಂದು ಬಾರಿಸು! ಸಿನಾತ್ರಾ ಬಿದ್ದುಬಿದ್ದು ನಕ್ಕ. ಆಮೇಲೆ ದೊಡ್ಡ ದೊಡ್ಡ ತಾರೆಯರೇ ಬೈಸಿಕೊಳ್ಳಲು ಬಂದು ಕೂರತೊಡಗಿದರು.

ಆ ಮಾತನ್ನು ಬರೆದಿಟ್ಟು ಓದಿದರೆ ವಿಶೇಷವೇನಿಲ್ಲ. ರಿಕಲ್ಸ್ ಮಾತುಗಳು ಬಹುಪಾಲು ಹಾಗೆಯೇ, ಆ ಕ್ಲಬ್ಬಿನಿಂದ ಹೊರಗೆ ತಂದರೆ ಸಪ್ಪೆ. ಎಲ್ಲರ ಮನಸ್ಸಿನಲ್ಲಿದ್ದು ಯಾರ ಬಾಯಿಗೂ ಬಾರದ್ದನ್ನು, ಏಟು ತಿನ್ನಬಹುದಾದಷ್ಟು ಹತ್ತಿರ ನಿಂತು ಹೇಳಿಬಿಡುವುದರಲ್ಲಿ ಅದರ ಮಜಾ ಇತ್ತು. ಬೆವರು ಸುರಿಸಿಕೊಂಡು ಕಿರುಚಾಡುವ ಕುಳ್ಳ ಬೋಳ, ತನ್ನನ್ನೂ ಬಿಡುತ್ತಿರಲಿಲ್ಲ. ಕಾಮಿಡಿಯನ್ ಜೋನ್ ರಿವರ್ಸ್ ಕೂಡ ಹಾಗೇ, ಬೇರೆಯವರ ರೂಪವನ್ನು ಆಡಿಕೊಂಡಷ್ಟೇ ತನ್ನ ರೂಪವನ್ನೂ ಆಡಿಕೊಂಡವಳು.

ಹಾಗಂತ ರಿಕಲ್ಸ್‌ದೆಲ್ಲ ಸರಿ ಅನ್ನುವವನಲ್ಲ ನಾನು. ಜನಾಂಗ, ಧರ್ಮ ಹಿಡಿದು ಆತ ಮಾಡಿದ ಎಷ್ಟೋ ಜೋಕುಗಳನ್ನು ಈಗ ನೋಡುವುದು ಕಷ್ಟ. 'ಎಲ್ಲರನ್ನೂ ಒಂದೇ ಸಮ ಬೈಯುತ್ತಿದ್ದನಲ್ಲ' ಎನ್ನುವ ಸಮರ್ಥನೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಿಳಿಯರೇ ತುಂಬಿದ ಕೋಣೆಯಲ್ಲಿ ಒಬ್ಬನೇ ಒಬ್ಬ ಕಪ್ಪು ಮನುಷ್ಯ ಸಿಕ್ಕಿಬಿದ್ದರೆ, ನಗದೆ ಆತನಿಗೆ ಬೇರೆ ದಾರಿಯಾದರೂ ಏನಿತ್ತು? ಬೈಸಿಕೊಂಡ ಸಿನಾತ್ರಾಗೆ ರಿಕಲ್ಸ್‌ನ ಕೆಲಸವನ್ನೇ ಕಳೆಯುವ ತಾಕತ್ತಿತ್ತು, ಈತನಿಗೆ ಇರಲಿಲ್ಲ.

ಇವತ್ತಿಗೆ ಉಳಿದಿರುವುದು ಮುಖ್ಯವಾಗಿ ರೋಸ್ಟ್, ಅಂದರೆ ಒಬ್ಬರನ್ನು ಕೂರಿಸಿ, ಎದುರಿಗೇ ಸರದಿಯಲ್ಲಿ ಬೈದು ನಗಿಸಿ, ಕೊನೆಗೆ ಮೈಕನ್ನು ಅವರ ಕೈಗೂ ಕೊಡುವ ಕಾರ್ಯಕ್ರಮ. ನ್ಯೂಯಾರ್ಕಿನ ಫ್ರಾಯರ್ಸ್ ಕ್ಲಬ್ಬಿನಲ್ಲಿ ಕಲಾವಿದರು ತಮ್ಮತಮ್ಮಲ್ಲೇ ಕಾಲೆಳೆದುಕೊಳ್ಳುತ್ತಿದ್ದುದನ್ನು ಗಾಯಕ, ನಟ ಡೀನ್ ಮಾರ್ಟಿನ್ 1974ರಿಂದ 1984ರವರೆಗೆ ಟೀವಿಯಲ್ಲಿ ನಡೆಸಿದ, ಮುಂದೆ ಕಾಮಿಡಿ ಸೆಂಟ್ರಲ್ ಚಾನೆಲ್ ಅದನ್ನು ಇನ್ನಷ್ಟು ಖಾರ ಮಾಡಿತು. ಈಗಿನ ರೋಸ್ಟುಗಳಲ್ಲಿ ಜೋಕುಗಳನ್ನು ತಂಡ ಕಟ್ಟಿಕೊಂಡು ಬರೆಯುತ್ತಾರೆ, ವೇದಿಕೆಯಲ್ಲಿ ನೋಡಿ ಓದುತ್ತಾರೆ. ಹರಿತ ಹೆಚ್ಚಾಗಿದೆ, ಎದುರಾಎದುರು ನಿಂತ ಭಯ ಕಡಿಮೆಯಾಗಿದೆ. 2024ರ ಮೇ ತಿಂಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿಯ ರೋಸ್ಟ್ ನೆಟ್‌ಫ್ಲಿಕ್ಸಿನಲ್ಲಿ ನೇರ ಪ್ರಸಾರವಾಯಿತು. ತನ್ನ ಮೇಲಿನ ಜೋಕುಗಳು ಹಿಡಿಸಿದವು, ಮಕ್ಕಳಿಗೆ ಆದ ನೋವು ಮಾತ್ರ ಹಿಡಿಸಲಿಲ್ಲ ಅಂತ ಆಮೇಲೆ ಬ್ರೇಡಿಯೇ ಹೇಳಿಕೊಂಡ. ಕುರ್ಚಿಯಲ್ಲಿ ಕೂತವನು ಒಪ್ಪಿಯೇ ಕೂತಿದ್ದ, ಮಕ್ಕಳನ್ನು ಯಾರು ಕೇಳಿದ್ದರು? ಅದೇ ರೋಸ್ಟಿನಲ್ಲಿದ್ದ ಕಾಮಿಡಿಯನ್ ಟೋನಿ ಹಿಂಚ್‌ಕ್ಲಿಫ್ ಅಕ್ಟೋಬರಿನಲ್ಲಿ ಟ್ರಂಪ್ ರ‍್ಯಾಲಿಗೆ ಹೋಗಿ ಅಮೆರಿಕಕ್ಕೇ ಸೇರಿದ ಪೋರ್ಟೊ ರಿಕೊವನ್ನು ತೇಲುವ ಕಸದ ದ್ವೀಪ ಅಂದ. ಬೈಯುವ ಧಾಟಿ ಬದಲಾಗಿರಲಿಲ್ಲ. ಬೈಸಿಕೊಂಡವರು ಎದುರಿಗಿರಲಿಲ್ಲ, ಮೈಕು ತಮ್ಮ ಕೈಗೂ ಬರುತ್ತದೆ ಅನ್ನುವ ಭರವಸೆಯೂ ಅವರಿಗಿರಲಿಲ್ಲ. ನನ್ನ ಪ್ರಕಾರ ಆಗ ಅದು ಬರೀ ಬೈಗುಳ.

ರಿಕಲ್ಸ್‌ನನ್ನು ನೋಡಿಯೇ ಇಲ್ಲ ಅಂದರೆ ಆತ ಬೈಸಿಕೊಂಡ ಪ್ರಸಂಗದಿಂದ ಶುರುಮಾಡಿ. 1976ರ ಡಿಸೆಂಬರಿನಲ್ಲಿ ನಿರೂಪಕ ಜಾನಿ ಕಾರ್ಸನ್ ಇಲ್ಲದ ದಿನ ಟೀವಿಯ 'ಟುನೈಟ್ ಶೋ'ಗೆ ಬಂದಿದ್ದ ರಿಕಲ್ಸ್, ಕಾರ್ಸನ್ ಮೇಜಿನ ಮೇಲಿದ್ದ ಸಿಗರೇಟ್ ಡಬ್ಬಿಯನ್ನು ಮುರಿದುಹಾಕಿದ್ದ. ಮರಳಿ ಬಂದ ಕಾರ್ಸನ್ ಅದನ್ನು ನೋಡಿದವನೇ, ಕ್ಯಾಮರಾ ಸಮೇತ ಪಕ್ಕದ ಸ್ಟುಡಿಯೋಗೆ ನುಗ್ಗಿದ. ಅಲ್ಲಿ ರಿಕಲ್ಸ್ ತನ್ನ ಧಾರಾವಾಹಿಯ ಚಿತ್ರೀಕರಣದಲ್ಲಿದ್ದ. ಎಲ್ಲರೆದುರು ಕಾರ್ಸನ್ ಆತನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ, ಊರನ್ನೆಲ್ಲ ಬೈದ ಬಾಯಿ ತಡವರಿಸುತ್ತದೆ. ಯೂಟ್ಯೂಬಿನಲ್ಲಿ ಹುಡುಕಿ, ಸಿಗುತ್ತದೆ.