ಹಳೇ ಹಾಲೋಬಾಡಿ ಗಿಟಾರ್ ತಗೋಳೋ ಮುಂಚೆ ಒಳಗೊಂದ್ಸಲ ಇಣುಕಿ ನೋಡಿ

ಪ್ರಶ್ನೆ: ನಮಸ್ಕಾರ ಸಾರ್. ನಾನು ಹಾಸನದವನು, ಈಗ ಡೆಟ್ರಾಯ್ಟ್ ಹತ್ರ ಕೆಲಸದಲ್ಲಿದೀನಿ, ನಾಲ್ಕು ವರ್ಷದಿಂದ ಜಾಝ್ ಗಿಟಾರ್ ಕಲೀತಿದೀನಿ. ಇಲ್ಲೊಬ್ರು ವಯಸ್ಸಾದವರು ತಮ್ಮ ಗಿಬ್ಸನ್ ಕಂಪನಿಯ ಇಎಸ್-175ಡಿ ಅನ್ನೋ ಹಾಲೋಬಾಡಿ (ಒಳಗೆ ಟೊಳ್ಳಿರೋ) ಗಿಟಾರ್ ಮಾರ್ತಿದಾರೆ, 1964ರದ್ದು, ಎಲ್ಲಾ ಒರಿಜಿನಲ್ ಅಂತಾರೆ. ನನ್ ಫ್ರೆಂಡ್ ನೋಡಿದ್ರೆ "ಅದು ಬರೀ ಪ್ಲೈವುಡ್ ಕಣೋ, ಅಷ್ಟು ದುಡ್ಡು ಯಾಕೆ ಸುರೀತೀಯ" ಅಂತಾನೆ. ತಗೋಬಹುದಾ? ಮುಂದೆ ಊರಿಗೆ ವಾಪಸ್ ಬರುವಾಗ ಜೊತೆಗೆ ತರಬಹುದಾ?

ಉತ್ತರ: ನಿಮ್ಮ ಫ್ರೆಂಡ್ ಹೇಳಿದ್ದು ಸುಳ್ಳಲ್ಲ, ಅದು ಪ್ಲೈವುಡ್ಡೇ. ಆದ್ರೆ ಆ ಗಿಟಾರಿನ ಮಜಾ ಇರೋದೇ ಅಲ್ಲಿ. 1949ರಲ್ಲಿ ಗಿಬ್ಸನ್ನಿನ ಕ್ಯಾಲಮಜೂ ಫ್ಯಾಕ್ಟರಿಯಿಂದ ಇದು ಹೊರಗೆ ಬಂದಾಗ ಬೆಲೆ 175 ಡಾಲರ್, ಅದನ್ನೇ ಹೆಸರಿಗೆ ಅಂಟಿಸಿದ್ರು. (ಕ್ಯಾಲಮಜೂ ನೀವಿರೋ ಕಡೆಯಿಂದ ಎರಡು ಗಂಟೆ ಚಿಲ್ಲರೆ ಡ್ರೈವ್, ಒಂದು ಭಾನುವಾರ ಹೋಗ್ಬನ್ನಿ.) ಗಿಬ್ಸನ್ನಿನ ದೊಡ್ಡ ಗಿಟಾರ್ ಎಲ್-5ಗೆ ಗಟ್ಟಿ ಸ್ಪ್ರೂಸ್ ಮರಾನ ಪಿಟೀಲಿನ ತರ ಕೆತ್ತಿ ಮುಂಭಾಗ ಮಾಡ್ತಿದ್ರು, ಅದಕ್ಕೆ ಟೈಮೂ ಜಾಸ್ತಿ ದುಡ್ಡೂ ಜಾಸ್ತಿ. 175ಕ್ಕೆ ಮೇಪಲ್ ಹಾಳೆಗಳನ್ನ ಅಂಟಿಸಿ ಅಚ್ಚಲ್ಲಿ ಒತ್ತಿದ್ರು, ಕೆಲಸ ಮುಗೀತು. ಉಳಿತಾಯಕ್ಕೆ ಮಾಡಿದ್ದು, ಆದ್ರೆ ಆ ಹಾಳೆ ಸುಲಭವಾಗಿ ಅಲ್ಲಾಡಲ್ಲ, ಅದಕ್ಕೇ ಸ್ವರ ದಪ್ಪಗೆ ಟಕ್ ಅಂತ ಬಂದು ಬೇಗ ಆರಿಹೋಗತ್ತೆ, ಆಂಪ್ಲಿಫೈಯರ್ ಮುಂದೆ ಕೂತಾಗ ಗಿಟಾರ್ ತಾನಾಗೇ ಊಂ ಅಂತ ಕೂಗೋದೂ ಕೆತ್ತಿದ ಗಿಟಾರಿಗಿಂತ ಕಮ್ಮಿ. ಜಾಝ್ ಗಿಟಾರ್ ಅಂದ ತಕ್ಷಣ ನಮ್ಮ ಕಿವೀಲಿ ಬರೋ ಸದ್ದು ಅರ್ಧಕ್ಕರ್ಧ ಇದೇ. ಜೋ ಪಾಸ್, ಜಿಮ್ ಹಾಲ್, ಹರ್ಬ್ ಎಲ್ಲಿಸ್, ಪ್ಯಾಟ್ ಮೆಥೆನಿಯಂಥ ದೊಡ್ಡ ಜಾಝ್ ಗಿಟಾರಿಸ್ಟ್ಗಳು ಎಲ್ರೂ ಈ ಪ್ಲೈವುಡ್ ಮೇಲೇ ನುಡಿಸಿದವರು. ಜಿಮ್ ಹಾಲ್ ಅವರದ್ದಂತೂ ಸೆಕೆಂಡ್ ಹ್ಯಾಂಡು, ಇನ್ನೊಬ್ಬ ಗಿಟಾರಿಸ್ಟ್ ಹೊವರ್ಡ್ ರಾಬರ್ಟ್ಸ್ ಹತ್ರ ತಗೊಂಡಿದ್ದು. ನಿಮ್ಮ ಫ್ರೆಂಡ್‌ಗೆ ಇಷ್ಟು ಹೇಳಿ ಸಾಕು.

ಈಗ "ಎಲ್ಲಾ ಒರಿಜಿನಲ್" ಅನ್ನೋ ಮಾತು. ಆ ಹಿರಿಯರು ಸುಳ್ಳು ಹೇಳ್ತಿದಾರೆ ಅಂತಲ್ಲ, ಅರವತ್ತು ವರ್ಷದಲ್ಲಿ ಯಾರು ಯಾವಾಗ ಏನು ಬದಲಾಯಿಸಿದ್ರೋ ಅವರಿಗೇ ನೆನಪಿರಲ್ಲ. ಸೀರಿಯಲ್ ನಂಬರ್ ನಂಬ್ಕೊಂಡು ಕೂರ್ಬೇಡಿ, ಗಿಬ್ಸನ್‌ನವರು 60ರ ದಶಕದಲ್ಲಿ ಒಂದೇ ನಂಬರನ್ನ ಬೇರೆ ಬೇರೆ ವರ್ಷದ ಗಿಟಾರಿಗೆ ಒತ್ತಿಬಿಟ್ಟಿದಾರೆ. ಅದರ ಬದ್ಲು ಒಂದು ಸ್ಕೇಲ್ ತಗೊಂಡು ಹೋಗಿ ನಟ್ ಅಗಲ ಅಳೀರಿ, ಅಂದ್ರೆ ನೆಕ್ ತುದೀಲಿ ತಂತಿಗಳು ಕೂರೋ ಆ ಬಿಳಿ ಪಟ್ಟಿ. ಸುಮಾರು 43 ಮಿಲಿಮೀಟರ್ ಇದ್ರೆ 1964 ಅನ್ನೋದು ಒಪ್ಪೋ ಮಾತು, 40 ಆಸುಪಾಸು ಬಂದ್ರೆ ಅದು 1965ರಿಂದ ಈಚೆಗಿನ ಸಪೂರ ನೆಕ್ಕು, ಬೆರಳು ದಪ್ಪ ಇರೋರಿಗೆ ಹಿಂಸೆ, ಬೆಲೇನೂ ಇಳೀಬೇಕು. ಪಿಕಪ್ (ತಂತಿಯ ನಡುಕಾನ ಕರೆಂಟ್ ಮಾಡಿ ಆಂಪ್ಲಿಫೈಯರಿಗೆ ಕಳಿಸೋ ಭಾಗ) ಕವರಿನ ಬಣ್ಣಾನೂ ನೋಡಿ. ನಿಕ್ಕಲ್ ಆದ್ರೆ ಹಳೇ ಸ್ಟೀಲ್ ಲೋಟದ ತರ ಮಂಕಾಗಿ ಸ್ವಲ್ಪ ಹಳದಿಗೆ ತಿರುಗಿರತ್ತೆ, ಕ್ರೋಮ್ ಆದ್ರೆ ನೀಲಿ ಛಾಯೇಲಿ ಫಳಫಳ ಅನ್ನತ್ತೆ, ಕ್ರೋಮ್ ಬಂದಿದ್ದು 65ರ ಸುಮಾರಿಗೆ.

ಆಮೇಲೆ ನಂಗೆ ಬಹಳ ಇಷ್ಟದ ಕೆಲಸ. ಹಲ್ಲಿನ ಡಾಕ್ಟರ್ ಹತ್ರ ಇರತ್ತಲ್ಲ ಉದ್ದ ಕಡ್ಡೀದು ಪುಟ್ಟ ಕನ್ನಡಿ, ಅಂಥದ್ದೊಂದನ್ನ ಎಫ್ ಹೋಲಿಂದ, ಅಂದ್ರೆ ಮುಂಭಾಗದಲ್ಲಿರೋ ಎಫ್ ಆಕಾರದ ತೂತಿಂದ, ಒಳಗೆ ಬಿಟ್ಟು ಮೊಬೈಲ್ ಟಾರ್ಚ್ ಹಾಕಿ. ವಾಲ್ಯೂಮ್, ಟೋನ್ ಗುಂಡಿಗಳಡಿ ಇರೋ ಪಾಟ್‌ಗಳ ಮೈಮೇಲೆ ಒಂದು ನಂಬರ್ ಒತ್ತಿರತ್ತೆ. ಉದಾಹರಣೆಗೆ 1346408 ಅಂತಿದ್ರೆ 134 ಅಂದ್ರೆ ಪಾಟ್ ಮಾಡಿದ ಸೆಂಟ್ರಲ್ಯಾಬ್ ಕಂಪನಿ (ಸಿಟಿಎಸ್ ಆದ್ರೆ 137), 64 ಅಂದ್ರೆ ವರ್ಷ, 08 ಅಂದ್ರೆ ಎಂಟನೇ ವಾರ. ಕನ್ನಡೀಲಿ ಅಕ್ಷರ ಉಲ್ಟಾ ಕಾಣತ್ತೆ, ಒಂದು ಫೋಟೋ ಹೊಡ್ಕೊಂಡು ತಿರುಗಿಸಿ ಓದಿ. ಪಾಟ್ ಹಳೇದಾಗಿ ಗಿಟಾರ್ ಆಮೇಲಿಂದು ಆಗಿರಬಹುದು, ಆದ್ರೆ ಪಾಟ್ 71ರದ್ದು ಗಿಟಾರ್ 64ರದ್ದು ಅಂದ್ರೆ ಯಾರೋ ಬದಲಾಯಿಸಿದಾರೆ ಅಂತಾನೇ ಅರ್ಥ. ಕೊನೇದಾಗಿ ತಂತಿ ಬಿಗಿಯೋ ತಲೆಭಾಗ, ಅಂದ್ರೆ ಹೆಡ್‌ಸ್ಟಾಕ್ ನೆಕ್ಕಿಗೆ ಸೇರೋ ಜಾಗದಲ್ಲಿ ಉಗುರಿಂದ ಸವರಿ, ಗಿಬ್ಸನ್ ಗಿಟಾರ್ ಬಿದ್ರೆ ಮುರಿಯೋದು ಅಲ್ಲೇ. ಅಂಟಿಸಿದ್ದು ಗೊತ್ತಾದ್ರೆ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಬರ್ಬೇಕು.

ನನ್ನನ್ನ ಕೇಳಿದ್ರೆ ನೀವು ನುಡಿಸೋರು, ಮ್ಯೂಸಿಯಂ ಇಡೋರಲ್ಲ, ಹಾಗಾಗಿ ಟ್ಯೂನರ್ ಬದಲಾಗಿದೆ, ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಹೊಸದಾಗಿದೆ ಅಂತ ಗೊತ್ತಾದ್ರೆ ಬೇಜಾರ್ ಮಾಡ್ಕೋಬೇಡಿ, ಖುಷಿಯಾಗಿ ಚೌಕಾಸಿ ಮಾಡಿ. ಪಿಕಪ್ ಮಾತ್ರ ಬದಲಾಗಿರಬಾರ್ದು.

ಊರಿಗೆ ತರೋ ವಿಷ್ಯ ಸ್ವಲ್ಪ ತಲೆನೋವು. 64ರದ್ದೇ ನಿಜ ಆದ್ರೆ ಅದರ ನೆಕ್ ಮೇಲೆ ಬೆರಳು ಒತ್ತೋ ಪಟ್ಟಿ, ಅಂದ್ರೆ ಫಿಂಗರ್‌ಬೋರ್ಡ್ ಬಹುಶಃ ಬ್ರೆಜಿಲಿಯನ್ ರೋಸ್‌ವುಡ್, 1992ರಿಂದ ಅದು ಅಳಿವಿನಂಚಿನ ಪ್ರಾಣಿ, ಗಿಡಮರಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಅಂತಾರಾಷ್ಟ್ರೀಯ ಒಪ್ಪಂದದ ಮೊದಲನೇ ಪಟ್ಟೀಲಿದೆ, ಅಂದ್ರೆ ಹುಲಿ ಆನೆ ಸಾಲಲ್ಲಿ. ಪೇಪರ್ ಇಲ್ದೆ ದೇಶ ದಾಟಿಸಿದ್ರೆ ಕಸ್ಟಮ್ಸ್‌ನಲ್ಲಿ ಹಿಡ್ಕೋತಾರೆ. ಅಮೆರಿಕದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್ ಹತ್ರ ಇದು ಆ ಕಾಯ್ದೆಗಿಂತ ಹಳೇ ಮರ ಅಂತ ಸರ್ಟಿಫಿಕೇಟ್ ಮಾಡಿಸ್ಬೇಕು, ಇಲ್ಲಿ ಇಂಡಿಯಾ ಕಡೇನೂ ಮೊದಲೇ ವಿಚಾರಿಸಿ, ಟಿಕೆಟ್ ಬುಕ್ ಮಾಡಿದ್ಮೇಲೆ ಅಲ್ಲ. ತಮಾಷೆ ಅಂದ್ರೆ 60ರ ದಶಕದ ಮಧ್ಯದಿಂದ ಗಿಬ್ಸನ್ ನಿಧಾನಕ್ಕೆ ಇಂಡಿಯನ್ ರೋಸ್‌ವುಡ್ಡಿಗೆ ಹೊರಳಿತು, ಅಂದ್ರೆ ನಮ್ಮ ಬೀಟೆ. ನಿಮ್ಮ ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ನಿಂತಿರತ್ತಲ್ಲ, ಅದೇ ಜಾತಿ.

ಪ್ರಶ್ನೆ: ಮೈಸೂರಲ್ಲಿ ಒಂದು ಕೆಫೇಲಿ ನುಡಿಸ್ತೀನಿ. ನನ್ ಹಾಲೋಬಾಡಿ ವಾಲ್ಯೂಮ್ ಜಾಸ್ತಿ ಮಾಡಿದ್ರೆ ಊಂ ಅಂತ ಊಳಿಡತ್ತೆ. ಏನ್ ಮಾಡ್ಲಿ?

ಉತ್ತರ: ಡಬ್ಬ ಟೊಳ್ಳಲ್ವಾ, ಸ್ಪೀಕರ್ ಸದ್ದಿಗೆ ಮುಂಭಾಗ ನಡುಗತ್ತೆ, ಅದನ್ನ ಪಿಕಪ್ ಮತ್ತೆ ಸ್ಪೀಕರಿಗೆ ಕಳಿಸತ್ತೆ, ಸುತ್ತು ಶುರು. ಆಂಪ್ ಎದುರು ಕೂರೋದು ಬಿಟ್ಟು ಪಕ್ಕಕ್ಕೆ ಜರುಗಿ, ಆಂಪನ್ನ ನೆಲದಿಂದ ಒಂದು ಕುರ್ಚಿ ಮೇಲಿಡಿ, ಬೇಸ್ ಇಳಿಸಿ. ಅಷ್ಟಕ್ಕೂ ನಿಲ್ಲದಿದ್ರೆ ಎಫ್ ಹೋಲಿಗೆ ಫೋಮ್ ತುರುಕಿ, ಅಂದ ಕೆಡತ್ತೆ, ಕೆಫೆ ಕತ್ತಲೇಲಿ ಯಾರಿಗೂ ಕಾಣಲ್ಲ ಬಿಡಿ.

ಪ್ರಶ್ನೆ: ನನ್ ಹಾಲೋಬಾಡೀಲಿ ತಂತಿ ಬದಲಾಯಿಸಿದ್ಮೇಲೆ ಮೇಲಿನ ಫ್ರೆಟ್‌ಗಳಲ್ಲಿ ಎಲ್ಲಾ ಅಪಸ್ವರ. ಗಿಟಾರ್ ಹಾಳಾಯ್ತಾ? – ಹುಬ್ಬಳ್ಳಿಯಿಂದ ಒಬ್ಬ ಓದುಗರು

ಉತ್ತರ: ಏನೂ ಆಗಿಲ್ಲ ರೀ, ಎಲ್ಲಾ ತಂತಿ ಒಟ್ಟಿಗೆ ಬಿಚ್ಚಿದೀರಿ ಅಷ್ಟೆ. ಇಂಥ ಗಿಟಾರಲ್ಲಿ ಬ್ರಿಡ್ಜಿಗೆ ಅಂಟು ಇಲ್ಲ, ಪಿಟೀಲಿನ ಕುದುರೆ ತರ ತಂತಿಯ ಒತ್ತಡದಲ್ಲೇ ನಿಂತಿರತ್ತೆ. ನಾನೂ ಮೊದಲ ಸಲ ಹೀಗೇ ಮಾಡಿ, ಬ್ರಿಡ್ಜ್ ಜಾರಿ ಟಣ್ ಅಂತ ನೆಲಕ್ಕೆ ಬಿದ್ದು, ಮಂಚದ ಕೆಳಗೆ ಹುಡುಕಾಡಿ ಎಲ್ಲಿತ್ತು ಅಂತ ಗೊತ್ತಾಗ್ದೆ ಇಡೀ ಸಂಜೆ ಕಳ್ಕೊಂಡಿದೀನಿ. 12ನೇ ಫ್ರೆಟ್ ಮೇಲೆ ತಂತೀನ ಮೆಲ್ಲಗೆ ಮುಟ್ಟಿ ಹಾರ್ಮೋನಿಕ್ ಕೇಳಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ್ದು ಏರಾಗಿ ಕೇಳಿದ್ರೆ ತಂತಿ ಸ್ವಲ್ಪ ಸಡಿಲ ಮಾಡಿ ಬ್ರಿಡ್ಜನ್ನ ತಂತಿಯ ಹಿಂದಿನ ತುದಿ ಸಿಕ್ಕಿಸಿರೋ ಟೇಲ್‌ಪೀಸ್ ಕಡೆ ಕೂದಲೆಳೆಯಷ್ಟು ತಳ್ಳಿ, ಇಳಿದಿದ್ರೆ ನೆಕ್ ಕಡೆ. ಎರಡೂ ತುದಿ ತಂತಿಗೆ ಸರಿ ಹೊಂದಿದ್ಮೇಲೆ ಮುಂದಿನ ಸಲದಿಂದ ಒಂದು ತೆಗೆದು ಒಂದು ಹಾಕಿ.