ದಾನಿಗೂ ಲೆಕ್ಕ ಕೇಳಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಟ್ರಸ್ಟ್, ದೇಣಿಗೆ, ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ) ವಿಚಾರವೇ ಜಾಸ್ತಿ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ. ಪ್ರತಿ ಜೂನ್‌ನಲ್ಲಿ ಒಂದು ಟ್ರಸ್ಟ್‌ನವರು ಬಂದು ಮಕ್ಕಳಿಗೆ ಬ್ಯಾಗು ಕೊಟ್ಟು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಹೋದ ವರ್ಷದ ಬ್ಯಾಗೇ ಇನ್ನೂ ಗಟ್ಟಿ ಇದೆ. ನಮಗೆ ಬೇಕಿರುವುದು ಹಳ್ಳ ದಾಟಲು ಒಂದು ಸರಿಯಾದ ಕಾಲುಸಂಕ. ಇದನ್ನು ಹೇಳಿದ್ದಕ್ಕೆ ಊರಿನವರೇ ‘ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ಲಿಗೆ ಹೋಗಿ ಮೊಳ ಹಾಕಿದ್ಲಂತೆ’ ಅಂದುಬಿಟ್ಟರು. ಕೇಳಿದ್ದು ತಪ್ಪಾ? (ಸಾಗರ ತಾಲ್ಲೂಕು)

ಖಂಡಿತ ತಪ್ಪಲ್ಲ. ಆ ಗಾದೆ ಒಬ್ಬರು ತಮ್ಮ ಮನೆಯಿಂದ ತೆಗೆದುಕೊಟ್ಟ ಬಟ್ಟೆಗೆ ಸರಿ. ಟ್ರಸ್ಟ್ ವಿಷಯ ಬೇರೆ. ತೆರಿಗೆ ವಿನಾಯ್ತಿ ಪಡೆದ ಟ್ರಸ್ಟ್ ತನ್ನ ಆದಾಯಕ್ಕೆ ತೆರಿಗೆ ಕಟ್ಟುವುದಿಲ್ಲ, ಅದರ ಬದಲು ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಹೇಳಿಕೊಂಡ ಉದ್ದೇಶಕ್ಕೇ ಖರ್ಚು ಮಾಡಬೇಕು ಅಂತ ಸಾಮಾನ್ಯ ನಿಯಮ. ಅದಕ್ಕೆ ಹಣ ಕೊಟ್ಟವರಿಗೂ 80ಜಿ ಅಂತ ಎಲ್ಲರೂ ಕರೆಯುವ ತೆರಿಗೆ ರಿಯಾಯ್ತಿ ಸಿಗುತ್ತದೆ. ಅಂದರೆ ಸರ್ಕಾರಕ್ಕೆ ಬರಬೇಕಿದ್ದ ದುಡ್ಡೂ ಆ ಬ್ಯಾಗಿನೊಳಗೆ ಇದೆ, ಅದು ನಿಮ್ಮದೂ ಹೌದು. ಮೊಳ ಹಾಕಿ ನೋಡಿ, ಸಂಕೋಚ ಬೇಡ.

ನಿಮ್ಮ ಪತ್ರದ ಜೊತೆ ಕಳಿಸಿದ ಫೋಟೋ ನೋಡಿದೆ. ಎರಡು ಅಡಿಕೆ ಮರದ ದಬ್ಬೆ, ಮೇಲೆ ಹಸಿರು ಪಾಚಿ, ಹಿಡಿದುಕೊಳ್ಳಲು ಒಂದೇ ಬದಿಗೆ ಬಿದಿರು. ಹುಡುಗಿಯ ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈ ಬಿದಿರಿನ ಮೇಲೆ, ಬೆನ್ನಿಗೆ ಹೊಸ ಬ್ಯಾಗು, ಬ್ಯಾಗಿನ ಮೇಲೆ ದೊಡ್ಡ ಅಕ್ಷರದಲ್ಲಿ ಟ್ರಸ್ಟಿನ ಹೆಸರು. ಆಷಾಢದ ಮಳೆಗೆ ಹಳ್ಳ ತುಂಬಿದರೆ ಆ ಮಗು ಶಾಲೆಗೇ ಬರುವುದಿಲ್ಲ, ಅಲ್ವಾ? ಬ್ಯಾಗು ಬೇಡ ಅಂತ ನಾನು ಹೇಳುತ್ತಿಲ್ಲ. ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲವಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ಕಾಲುಸಂಕ ಮಾಡಿಸುವುದು ಸರ್ಕಾರದ ಕೆಲಸ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ಪಂಚಾಯ್ತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಟ್ರಸ್ಟಿನವರಿಗೆ ಜೂನ್‌ನಲ್ಲಿ ಹೇಳಿ ಪ್ರಯೋಜನವಿಲ್ಲ, ಅಷ್ಟೊತ್ತಿಗೆ ಖರೀದಿ ಮುಗಿದಿರುತ್ತದೆ. ಫೆಬ್ರವರಿಯಲ್ಲೇ ಎಸ್‌ಡಿಎಂಸಿ ಸಭೆಯಲ್ಲಿ ತಾಯಂದಿರನ್ನು ಕೂರಿಸಿಕೊಂಡು ಏನೇನು ಬೇಕು ಅಂತ ನಡಾವಳಿ ಬರೆದು ಕಳಿಸಿ.

ಪ್ರಶ್ನೆ: ದಾನಿಗಳ ಮೇಲೆ ಕಣ್ಣಿಡುವ ಸಂಸ್ಥೆಯೊಂದು ಅಮೆರಿಕದಲ್ಲಿದೆ ಅಂತ ನಮ್ಮ ಮೇಷ್ಟ್ರು ಹೇಳಿದರು. ಅದು ಏನು ಮಾಡುತ್ತದೆ? (ಬಿ.ಎ. ವಿದ್ಯಾರ್ಥಿ, ತೀರ್ಥಹಳ್ಳಿ)

ಅದರ ಹೆಸರು ನ್ಯಾಷನಲ್ ಕಮಿಟಿ ಫಾರ್ ರೆಸ್ಪಾನ್ಸಿವ್ ಫಿಲಾಂತ್ರಪಿ. 1976ರಲ್ಲಿ ಶುರುವಾಯಿತು, ಕಚೇರಿ ವಾಷಿಂಗ್ಟನ್‌ನಲ್ಲಿ. ಹುಟ್ಟಿದ ಕಥೆ ನಿಮಗೆ ಇಷ್ಟವಾಗಬಹುದು. 1973ರಲ್ಲಿ ಹೆಸರಾಂತ ಶ್ರೀಮಂತ ಮನೆತನದ ಮೂರನೇ ಜಾನ್ ಡಿ. ರಾಕ್‌ಫೆಲರ್ ಮುಂದೆ ನಿಂತು, ದಾನಧರ್ಮದ ಸ್ಥಿತಿಗತಿ ನೋಡಲು ಒಂದು ಆಯೋಗ ಮಾಡಿಸಿದರು. ವಿಮಾ ಕಂಪನಿಯೊಂದರ ಮುಖ್ಯಸ್ಥ ಜಾನ್ ಫೈಲರ್ ಅಧ್ಯಕ್ಷರಾದ್ದರಿಂದ ಅದಕ್ಕೆ ಫೈಲರ್ ಆಯೋಗ ಅಂತಲೇ ಹೆಸರು. ಅಲ್ಲಿ ಕೊಡುವವರ ಮಾತೇ ನಡೆಯುತ್ತಿತ್ತು. ತಗೊಳ್ಳುವವರ ಮಾತು ಎಲ್ಲಿ ಅಂತ ಕೇಳಿದ ಸಣ್ಣ ಸಂಘಟನೆಗಳು ಒಂದು ಗುಂಪು ಕಟ್ಟಿಕೊಂಡು ತಮ್ಮದೇ ವರದಿ ಕೊಟ್ಟವು. ಆ ಗುಂಪಿನಿಂದಲೇ ಈ ಸಂಸ್ಥೆ ಬೆಳೆಯಿತು. ಪ್ಯಾಬ್ಲೊ ಐಸನ್‌ಬರ್ಗ್ ಕಟ್ಟಿದವರಲ್ಲಿ ಮುಖ್ಯರು.

ಅದು ಕೇಳುವ ಪ್ರಶ್ನೆ ನೇರವಾದದ್ದು. ನೀವು ಕೊಟ್ಟ ದುಡ್ಡು ಬಡವರಿಗೆ, ಕಪ್ಪು ಜನರಿಗೆ, ಅಂಚಿನಲ್ಲಿರುವವರಿಗೆ ಎಷ್ಟು ತಲುಪಿತು? ಸರ್ಕಾರಿ ನೌಕರರ ಸಂಬಳದಿಂದ ಹಿಡಿಯುವ ದೇಣಿಗೆ ದೊಡ್ಡ ಸಂಸ್ಥೆಗಳಿಗೇ ಹೋಗದೆ ಸಣ್ಣವರಿಗೂ ಸಿಗಲಿ ಅಂತಲೂ ಅದು ಹೋರಾಡಿದೆ. 2009ರಲ್ಲಿ ಫೌಂಡೇಶನ್‌ಗಳಿಗೆ ಕೆಲವು ಅಳತೆಗೋಲು ಮುಂದಿಟ್ಟಿತು. ಅನುದಾನದ ಅರ್ಧವಾದರೂ ಹಿಂದುಳಿದ ಸಮುದಾಯಗಳಿಗೆ ಅನುಕೂಲವಾಗಬೇಕು, ಕಾಲು ಭಾಗವಾದರೂ ಜನರನ್ನು ಸಂಘಟಿಸಿ ಹಕ್ಕು ಕೇಳುವ ಕೆಲಸಕ್ಕೆ ಸಿಗಬೇಕು ಅಂತ. ಅಲ್ಲಿನ ಖಾಸಗಿ ಫೌಂಡೇಶನ್‌ಗಳು ಆಸ್ತಿಯ ಸುಮಾರು ಶೇ. 5ರಷ್ಟನ್ನು ಪ್ರತಿವರ್ಷ ಹಂಚಲೇಬೇಕು ಅಂತ ಕಾನೂನೇ ಇದೆ, ಅದು ಸಾಲದು ಅಂತ ಇವರು. ‘ನಮ್ಮ ದುಡ್ಡು, ನಮ್ಮಿಷ್ಟ’ ಅನ್ನುವ ವಿರೋಧವೂ ಜೋರಾಗಿಯೇ ಬಂತು. ಫೌಂಡೇಶನ್‌ಗಳಿಂದಲೂ ಹಣ ಪಡೆಯುತ್ತಾ ಅವರಿಗೇ ಗಟ್ಟಿಯಾಗಿ ಲೆಕ್ಕ ಕೇಳುವುದು ಸುಲಭದ ಕೆಲಸವಲ್ಲ. ಅದಕ್ಕೇ ನನಗೆ ಆ ಸಂಸ್ಥೆಯ ಮೇಲೆ ಗೌರವ.

ಪ್ರಶ್ನೆ: ಶರಾವತಿ ಮುಳುಗಡೆ ಕುಟುಂಬಗಳ ಜಮೀನಿನ ದಾಖಲೆ ಕೆಲಸಕ್ಕೆ ಒಂದು ಸಣ್ಣ ಸಂಘ ಮಾಡಿಕೊಂಡಿದ್ದೇವೆ. ಕಂಪನಿಯೊಂದನ್ನು ಕೇಳಿದರೆ ಕಂಪ್ಯೂಟರ್ ಕೊಡುತ್ತೇವೆ, ಸಂಬಳಕ್ಕೆ ಮಾತ್ರ ಕೇಳಬೇಡಿ, ಶೇ. 5ಕ್ಕಿಂತ ಜಾಸ್ತಿ ಕೊಡಲು ಕಾನೂನು ಬಿಡುವುದಿಲ್ಲ ಅಂದರು. ಹೌದಾ? (ಹೊಸನಗರ)

ಇಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಅವರು ಹೇಳಿದ ಶೇ. 5ರ ಮಿತಿ ಇರುವುದು ಕಂಪನಿಯು ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಸ್ವಂತ ಆಡಳಿತ ವೆಚ್ಚಕ್ಕೆ. ಯೋಜನೆಯಲ್ಲಿ ನೇರವಾಗಿ ದುಡಿಯುವವರ ಸಂಬಳ ಯೋಜನೆಯ ಖರ್ಚೇ. ಈ ನಿಯಮ ಗೊತ್ತಿಲ್ಲದೆ ಎಷ್ಟೋ ಸಂಘಗಳು ಸುಮ್ನೆ ವಾಪಸ್ ಬರುತ್ತವೆ. ನೀವು ಇನ್ನೊಮ್ಮೆ ಹೋಗಿ, ಬರಹದಲ್ಲಿ ಉತ್ತರ ಕೇಳಿ. ಆದರೆ ನಿಮ್ಮ ಸಂಘ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು, ಕೆಲಸ ಕಾಯ್ದೆಯ ಏಳನೇ ಅನುಸೂಚಿಯೊಳಗೆ, ಅಂದರೆ ಸಿಎಸ್‌ಆರ್‌ಗೆ ಒಪ್ಪುವ ಕೆಲಸಗಳ ಪಟ್ಟಿಯೊಳಗೆ ಬರಬೇಕು. ಇದನ್ನು ಮೊದಲೇ ನೋಡಿಕೊಳ್ಳಿ.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಆಣೆಕಟ್ಟು ಮುಗಿದದ್ದು 1964ರಲ್ಲಿ. ಅಲ್ಲಿಂದ ಎದ್ದು ಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅವರಿಗೆ ಬೇಕಿರುವುದು ತಾಲ್ಲೂಕು ಕಚೇರಿಯಿಂದ ಹಳೇ ದಾಖಲೆ ತೆಗೆಸುವ ಖರ್ಚು, ಬಸ್ ಚಾರ್ಜು, ಅರ್ಜಿ ಬರೆದುಕೊಡಲು ಕೂರುವ ಒಬ್ಬ ಹುಡುಗ ಅಥವಾ ಹುಡುಗಿಯ ಸಂಬಳ, ವಕೀಲರ ಫೀಸು. ಇದ್ಯಾವುದೂ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ನಮ್ಮ ಜಿಲ್ಲೆಯ ಮಟ್ಟಿಗೆ ನನಗೆ ಅತಿ ದೊಡ್ಡ ಬೇಸರ ಇದೇ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತ ನೆಲ ಇದು. ಇಲ್ಲಿ ಕಂಬಳಿ, ಕುಕ್ಕರ್ ಹಂಚಲು ದಾನಿಗಳು ಸಿಗುತ್ತಾರೆ, ಹಕ್ಕು ಕೇಳುವವರ ಬೆನ್ನಿಗೆ ನಿಲ್ಲುವವರು ಮಾತ್ರ ಬೆರಳೆಣಿಕೆ.

ಪ್ರಶ್ನೆ: ಗಾಂಧಿ ಬಜಾರಿನಲ್ಲಿ ನನ್ನದು ಸಣ್ಣ ಅಂಗಡಿ. ವರ್ಷಕ್ಕೆ ಹತ್ತು ಸಾವಿರ ಕೊಡುವ ಆಸೆ. ಕೊಡುವ ಮೊದಲು ಏನು ನೋಡಲಿ? (ಶಿವಮೊಗ್ಗ)

ಹಣ ನಗದಾಗಿ ಕೊಡಬೇಡಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ತೆರಿಗೆ ರಿಯಾಯ್ತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹೇಗೆ ಕೊಟ್ಟರೂ ಸಿಗುವುದಿಲ್ಲ. ಬರೀ ರಸೀದಿಗೆ ಸುಮ್ಮನಾಗಬೇಡಿ, ಸಂಸ್ಥೆಯು ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಿಂದ ತೆಗೆದುಕೊಡುವ ದೇಣಿಗೆ ಪ್ರಮಾಣಪತ್ರ ಕೇಳಿ. ಹೋದ ವರ್ಷದ ಆಡಿಟ್ ವರದಿ ಕೇಳಿ. ಕೇಳಿದ ತಕ್ಷಣ ಮುಖ ಗಂಟು ಹಾಕಿದರೆ ಬೇರೆಯವರನ್ನು ಹುಡುಕಿ. ಸರ್ಕಾರದಿಂದ ಗಣನೀಯ ಹಣ ಪಡೆಯುವ ಸಂಸ್ಥೆಯಾದರೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿದೆ.

ಎಲ್ಲಕ್ಕಿಂತ ಮೊದಲು ಒಂದು ಭಾನುವಾರ ಅಂಗಡಿ ಮುಚ್ಚಿ, ಅವರು ಕೆಲಸ ಮಾಡುವ ಊರಿಗೆ ಹೋಗಿ ಬನ್ನಿ. ಕಾರ್ಯದರ್ಶಿ ಇಲ್ಲದಾಗ ಅಲ್ಲಿನ ಹೆಂಗಸರ ಹತ್ತಿರ ಮಾತಾಡಿ. ಹಿಡಿಸಿದರೆ ಹತ್ತು ಸಾವಿರವನ್ನು ಒಂದೇ ಕಡೆಗೆ ಮೂರು ವರ್ಷ ಕೊಡಿ, ಇಂಥದ್ದಕ್ಕೇ ಅಂತ ಕಟ್ಟು ಹಾಕದೆ ಕೊಡಿ, ವರ್ಷದ ಕೊನೆಗೆ ಲೆಕ್ಕ ಕೇಳಿ.