ಹಾರ್ಟ್ ಅಟ್ಯಾಕ್ ಆದವರಿಗೆ ಕಾರ್ಡಿಯಾಕ್ ರಿಹ್ಯಾಬ್ ಮಾಡಿಸಿದರೆ ಹೃದಯದ ಪಂಪಿಂಗ್ ಸುಧಾರಿಸುತ್ತದೆಯೇ?

ತಂದೆಯವರಿಗೆ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬ ಅಂಕಿ, 40 ಬಂದಿದೆ, ರಿಹ್ಯಾಬ್ (ಆಸ್ಪತ್ರೆಯವರ ನಿಗಾದಲ್ಲಿ ಮಾಡಿಸುವ ವ್ಯಾಯಾಮ, ಆರೈಕೆ) ಮಾಡಿಸಿದರೆ 60 ಆಗುತ್ತಾ ಅಂತ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್, ರಿಹ್ಯಾಬ್ ವಿಭಾಗದಲ್ಲೇ ಕೆಲಸ. 60 ಆಗೇ ಆಗುತ್ತದೆ ಅಂತ ಯಾರೂ ಮಾತು ಕೊಡಲಾರರು. ಆದರೂ ರಿಹ್ಯಾಬ್ ತಪ್ಪಿಸಬೇಡಿ.

ರಕ್ತ ಸಿಗದೆ ಸತ್ತ ಸ್ನಾಯು ವ್ಯಾಯಾಮದಿಂದ ವಾಪಸ್ ಬರುವುದಿಲ್ಲ. ಆ ಜಾಗ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಆದರೆ ಪಕ್ಕದಲ್ಲಿ ಸಾಯದೆ, ಬರೀ ಮಂಕಾದ ಸ್ನಾಯುವೂ ಇರುತ್ತದೆ. ರಕ್ತನಾಳ ತೆರೆದ ಮೇಲೆ ಅದು ಕೆಲವು ದಿನಗಳಲ್ಲಿ, ಕೆಲವೊಮ್ಮೆ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಮೊದಲ ವಾರದ ಎಕೋ ನೋಡಿ ಕಂಗಾಲಾಗಬೇಡಿ. ಐಸಿಡಿ (ಬಡಿತ ಅಪಾಯಕಾರಿಯಾಗಿ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸಲು ದೇಹದೊಳಗೆ ಇಡುವ ಯಂತ್ರ) ಹಾಕಬೇಕೇ ಎಂದು ನೋಡುವಾಗ ಡಾಕ್ಟರು ಸಾಮಾನ್ಯವಾಗಿ ಕನಿಷ್ಠ 40 ದಿನ ಕಾಯುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ವಿಷಯ, ಒಂದೇ ಹೃದಯವನ್ನು ಇಬ್ಬರು ಅಳೆದರೆ ನಾಲ್ಕೈದು ಅಂಕಿ ಆಚೀಚೆ ಆಗುವುದು ಮಾಮೂಲಿ. 40 ಇದ್ದದ್ದು 43 ಆಯಿತು ಅಂತ ಹಿಗ್ಗುವುದೂ ಬೇಡ, 38 ಆಯಿತು ಅಂತ ಕುಗ್ಗುವುದೂ ಬೇಡ.

ರಿಹ್ಯಾಬ್‌ನಿಂದ ಇಎಫ್ ಕೆಲವರಿಗೆ ಸ್ವಲ್ಪ ಏರುತ್ತದೆ, ಕೆಲವರಿಗೆ ಇದ್ದಲ್ಲೇ ಇರುತ್ತದೆ. ನಿಜವಾದ ಲಾಭ ಹೃದಯದ ಹೊರಗೆ ಜಾಸ್ತಿ. ಕಾಲಿನ ಸ್ನಾಯು ಅದೇ ರಕ್ತದಿಂದ ಹೆಚ್ಚು ಆಕ್ಸಿಜನ್ ಎಳೆದುಕೊಳ್ಳಲು ಕಲಿಯುತ್ತದೆ. ರಕ್ತನಾಳಗಳು ಬೇಕಾದಾಗ ಚೆನ್ನಾಗಿ ಹಿಗ್ಗುತ್ತವೆ. ಅದೇ ಮೆಟ್ಟಿಲು ಹತ್ತುವಾಗ ನಾಡಿ ಮೊದಲಿನಷ್ಟು ಏರುವುದಿಲ್ಲ. ಅಂದರೆ ಅದೇ ಕೆಲಸಕ್ಕೆ ಹೃದಯ ಪಡುವ ಪಾಡು ಕಡಿಮೆ.

ನಮ್ಮಲ್ಲಿ ಹೊಸಬರು ಟ್ರೆಡ್‌ಮಿಲ್‌ನ ಕಂಬಿಯನ್ನು ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದಿರುತ್ತಾರೆ. ಮಾತಾಡಿಸಿದರೆ ಎರಡು ಪದಕ್ಕೇ ಉಸಿರು ಸಾಲದು. ಕೆಲವು ವಾರ ಕಳೆದರೆ ಅದೇ ವೇಗದಲ್ಲಿ ನಡೆಯುತ್ತಾ ಮನೆ ಪುರಾಣವೆಲ್ಲ ಹೇಳುತ್ತಾರೆ, ನಾವೇ ಸಾಕು ಅನ್ನಬೇಕು. ಅವರಲ್ಲಿ ಎಷ್ಟೋ ಜನರ ಎಕೋ ರಿಪೋರ್ಟ್ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ತಗ್ಗಿಸಿಡುವುದರಿಂದ ನಾವು ನಾಡಿಯೊಂದನ್ನೇ ನಂಬುವುದಿಲ್ಲ. ‘ಎಷ್ಟು ಕಷ್ಟ ಆಗ್ತಿದೆ?’ ಅಂತ 6ರಿಂದ 20ರವರೆಗಿನ ಬೋರ್ಗ್ ಪಟ್ಟಿ ತೋರಿಸಿ ಕೇಳುತ್ತೇವೆ; 6 ಅಂದರೆ ಏನೂ ಕಷ್ಟವಿಲ್ಲ, 20 ಅಂದರೆ ಇನ್ನು ಆಗುವುದೇ ಇಲ್ಲ. ಶುರುವಿನಲ್ಲಿ 12, 13ರ ಆಸುಪಾಸು ಸಾಕು.

ಭಯಕ್ಕೆ ಹಾಸಿಗೆ ಹಿಡಿಯುವುದು ಮಾತ್ರ ಬೇಡ. 1966ರಲ್ಲಿ ಡಲ್ಲಾಸ್‌ನಲ್ಲಿ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಮಲಗಿಸಿಯೇ ಇಟ್ಟು ನೋಡಿದರು. ಅವರ ದೇಹ ಆಕ್ಸಿಜನ್ ಬಳಸುವ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಹುಡುಗರ ಕಥೆಯೇ ಹೀಗಾದರೆ ನಿಮ್ಮ ತಂದೆಯವರದು ಏನಾಗಬೇಡ, ಹೇಳಿ!

ಇನ್ನು ಮುಂದಿನ ಅಪಾಯದ ಮಾತು. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2021ರ ವಿಮರ್ಶೆ 85 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ವ್ಯಾಯಾಮ ಇರುವ ರಿಹ್ಯಾಬ್ ಮಾಡಿದವರಲ್ಲಿ ಮತ್ತೆ ಅಟ್ಯಾಕ್ ಆಗುವುದು, ಆಸ್ಪತ್ರೆ ಸೇರುವುದು ಎರಡೂ ಕಡಿಮೆ ಇತ್ತು.

ಶುರು ಮಾಡುವ ಮುಂಚೆ ಡಾಕ್ಟರ ಒಪ್ಪಿಗೆ ಇರಲಿ, ಆರು ನಿಮಿಷದ ನಡಿಗೆ ಪರೀಕ್ಷೆಯೋ ಟ್ರೆಡ್‌ಮಿಲ್ ಟೆಸ್ಟೋ ಆಗಲಿ. ನಡೆಯುವಾಗ ಎದೆ ಹಿಡಿದುಕೊಂಡ ಹಾಗಾದರೆ, ತಲೆ ಸುತ್ತಿದರೆ, ಉಸಿರು ಕಟ್ಟಿದರೆ ತಕ್ಷಣ ನಿಲ್ಲಿಸಬೇಕು. ಕೂತರೂ ಎದೆನೋವು ಇಳಿಯದಿದ್ದರೆ ಸೀದಾ ಆಸ್ಪತ್ರೆಗೆ. ಮತ್ತೆ, ಮೈ ಹಗುರಾಯಿತು ಅಂತ ಮಾತ್ರೆ ಬಿಡುವವರು ಬಹಳ ಜನ ಇದ್ದಾರೆ. ಅದರ ಮೇಲೆ ಒಂದು ಕಣ್ಣಿಡಿ.